ಕಾಡಂಚಿನ ವಿಹಾರಧಾಮ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಕನ್ನಡಿಗರ ಹಳೆಯ ಮಾತು. ತಿರುಗಾಟವನ್ನು ಓದಿಗೆ ಸಮನಾಗಿ ನಿಲ್ಲಿಸಿದ ಈ ಗಾದೆಯಲ್ಲಿ ಒಂದು ಸೂಕ್ಷ್ಮವಿದೆ. ಗ್ರಂಥವನ್ನು ಓದುವವನು ಅದರ ಹಾಳೆಗಳನ್ನು ಹರಿಯುವುದಿಲ್ಲ. ತನ್ನ ಓದು ಮುಗಿದ ಮೇಲೆ ಮತ್ತೊಬ್ಬರಿಗೆ ಉಳಿಯುವಂತೆ ಜೋಪಾನವಾಗಿ ಮುಚ್ಚಿಡುತ್ತಾನೆ. ದೇಶ ಸುತ್ತುವವನಿಗೂ ಇದೇ ನಿಯಮ ಸಲ್ಲಬೇಕು. ಆದರೆ ಇಂದಿನ ಪ್ರವಾಸಿಯು ಬೆಟ್ಟಕ್ಕೋ ಕಾಡಿಗೋ ಕಾಲಿಡುವ ಮೊದಲೇ ಅವನಿಗಾಗಿ ಅಲ್ಲಿ ಕಟ್ಟಡವೊಂದು ಎದ್ದು ನಿಂತಿರುತ್ತದೆ. ಪ್ರವಾಸಿ ಎರಡು ದಿನ ಇದ್ದು ಹೋಗುತ್ತಾನೆ. ಕಟ್ಟಡ ಐವತ್ತು ವರ್ಷ ಉಳಿಯುತ್ತದೆ. ಆದ್ದರಿಂದ ಪ್ರವಾಸಿಯ ನಡತೆಯನ್ನು ತಿದ್ದಿದರೆ ಸಾಲದು. ಅವನಿಗಾಗಿ ಕಟ್ಟುವ ವಿಹಾರಧಾಮದ ನಡತೆಯನ್ನೂ ವಿಚಾರಿಸಬೇಕಾಗುತ್ತದೆ.

ಈ ವಿಚಾರಕ್ಕೆ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕು ಒಳ್ಳೆಯ ನಿದರ್ಶನವಾಗಬಲ್ಲದು. ಕಲಬುರಗಿ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಬಿಸಿಲು, ತೊಗರಿಯ ಹೊಲ, ಸುಣ್ಣಕಲ್ಲಿನ ಗಣಿ ಮತ್ತು ಸಿಮೆಂಟಿನ ಕಾರ್ಖಾನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಹಾದಿಯಲ್ಲಿ ಸಾಗುವವರಿಗೆ ಈ ಚಿತ್ರ ಸುಳ್ಳೆನಿಸುವುದೂ ಇಲ್ಲ. ಆದರೆ ಮುಲ್ಲಾಮಾರಿ ನದಿಯ ದಂಡೆಯಲ್ಲಿರುವ ಚಿಮ್ಮನಚೋಡದಂಥ ಊರುಗಳನ್ನು ದಾಟಿ, ತೆಲಂಗಾಣದ ಗಡಿಯ ಕಡೆಗೆ, ಕುಂಚಾವರಂ ಸೀಮೆಗೆ ಬಂದರೆ ನೆಲದ ರೂಪವೇ ಬದಲಾಗುತ್ತದೆ. ಕಪ್ಪು ಎರೆಯ ಬಯಲು ಮುಗಿದು ಕೆಂಪು ಮಣ್ಣಿನ ದಿಣ್ಣೆಗಳು ಏಳುತ್ತವೆ. ದಿಣ್ಣೆಗಳ ಮೇಲೆ ಕಾಡು ಹಬ್ಬಿದೆ. ಕಾಡಿನ ಮಡಿಲಲ್ಲಿ ಚಂದ್ರಂಪಳ್ಳಿಯ ಜಲಾಶಯವಿದೆ. ಮಳೆಗಾಲದಲ್ಲಿ ಎತ್ತಿಪೋತದ ಜಲಪಾತ ಧುಮುಕುತ್ತದೆ. ಕನ್ನಡ, ತೆಲುಗು, ಲಂಬಾಣಿ, ಉರ್ದು ಈ ನಾಲ್ಕೂ ನುಡಿಗಳು ಇಲ್ಲಿನ ಸಂತೆಯಲ್ಲಿ ಒಟ್ಟಿಗೆ ಕೇಳಿಬರುತ್ತವೆ. 2011ರಲ್ಲಿ ಸರ್ಕಾರವು ಈ ಕಾಡಿನ ಸುಮಾರು 135 ಚದರ ಕಿಲೋಮೀಟರ್ ಪ್ರದೇಶವನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂಬ ಹೆಸರು ಇದಕ್ಕೆ ಸಂದಿದೆ.

ಒಣಭೂಮಿಯ ಕಾಡು ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಮಲೆನಾಡಿನ ಕಾಡು ವರ್ಷವಿಡೀ ಹಸುರನ್ನು ಹೊದ್ದಿರುತ್ತದೆ. ಅದರ ಸೊಬಗನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಿಂಚೋಳಿಯ ಕಾಡು ಹಾಗಲ್ಲ. ಶ್ರಾವಣದಲ್ಲಿ ಹಸುರಾಗಿ, ಮಾಘದಲ್ಲಿ ಎಲೆಯುದುರಿಸಿ, ಚೈತ್ರದ ಹೊತ್ತಿಗೆ ಒಣಗಿದ ಕೊಂಬೆಗಳ ರಾಶಿಯಂತೆ ಕಾಣುತ್ತದೆ. ಅರಿಯದವರು ಆಗ ನೋಡಿದರೆ ಕಾಡು ಸತ್ತಿತೆಂದೇ ತಿಳಿಯುತ್ತಾರೆ. ಅದು ಸಾವಲ್ಲ, ಸಂಯಮ. ನೀರು ಕಡಮೆಯಾದಾಗ ಎಲೆಗಳ ಮೂಲಕ ನೀರು ಆವಿಯಾಗದಂತೆ ಮರವು ಎಲೆಯನ್ನೇ ತ್ಯಜಿಸುತ್ತದೆ. ಎಲೆಯಿಲ್ಲದ ಆ ದಿನಗಳಲ್ಲಿಯೇ ಮುತ್ತುಗವು ಕೆಂಡದಂತೆ ಹೂಬಿಟ್ಟು ಗೊರವಂಕಗಳನ್ನೂ ಸೂರಕ್ಕಿಗಳನ್ನೂ ಕರೆಯುತ್ತದೆ. ಒಣಗಿದ ಹುಲ್ಲು ಕೃಷ್ಣಮೃಗಕ್ಕೆ ಮೇವಾಗುತ್ತದೆ. ಅದೇ ಹುಲ್ಲಿನ ಮರೆಯಲ್ಲಿ ಗೌಜಲಹಕ್ಕಿ ಮೊಟ್ಟೆಯಿಡುತ್ತದೆ. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ, ಹಣ್ಣುಬಾವಲಿ ಮೊದಲಾದ ಜೀವಿಗಳು ಈ ಕಾಡಿನ ನಿವಾಸಿಗಳು.

ಇವುಗಳಲ್ಲಿ ಹುಲಿಯಂತೆ ಘರ್ಜಿಸುವುದೂ ಇಲ್ಲ, ಆನೆಯಂತೆ ಮೆರವಣಿಗೆಯಲ್ಲಿ ನಡೆಯುವುದೂ ಇಲ್ಲ. ಆದರೆ ಒಂದೊಂದಕ್ಕೂ ಅದರದೇ ಆದ ಹಿರಿಮೆಯುಂಟು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬುಗಳಿರುತ್ತವೆ. ಜಗತ್ತಿನ ಕಾಡುಪ್ರಾಣಿಗಳಲ್ಲಿ ಇಂಥ ಜಿಂಕೆಯನ್ನು ಹೋಲುವ ಜೀವಿ ಮತ್ತೊಂದಿಲ್ಲ. ಅದು ಬಹು ನಾಚಿಕೆಯ ಪ್ರಾಣಿ. ಹಿಂಡು ಕಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ನೀರಿನ ಆಸರೆಯನ್ನು ಬಿಟ್ಟು ಬಹುದೂರ ಹೋಗಲಾರದು. ಕತ್ತೆಕಿರುಬವು ಸತ್ತ ಪ್ರಾಣಿಗಳನ್ನು ತಿಂದು ಕಾಡನ್ನು ಶುಚಿಯಾಗಿಡುತ್ತದೆ. ಹಣ್ಣುಬಾವಲಿಯು ರಾತ್ರಿಯೆಲ್ಲ ಹಾರಿ ಆಲ, ಅತ್ತಿಗಳ ಬೀಜವನ್ನು ದೂರದೂರಕ್ಕೆ ಬಿತ್ತುತ್ತದೆ. ಕೂಲಿ ಬೇಡದ ತೋಟಗಾರನೆಂದರೆ ಅದೇ.

ಇಂಥ ತಾಣಕ್ಕೆ ಪ್ರವಾಸಿಗಳು ಬರಬೇಕೆಂಬ ಬಯಕೆ ಸುತ್ತಲಿನ ಜನರಲ್ಲಿ ಹುಟ್ಟುವುದು ಸಹಜ. ಹೈದರಾಬಾದು ಕೆಲವೇ ಗಂಟೆಗಳ ದಾರಿ; ಕಲಬುರಗಿ, ಬೀದರಗಳು ಇನ್ನೂ ಸಮೀಪ. ನಗರದಲ್ಲಿ ದುಡಿದು ದಣಿದವರಿಗೆ ಎರಡು ದಿನದ ವಿಶ್ರಾಂತಿ ಬೇಕು. ಇತ್ತ ಮಳೆ ಕೈಕೊಟ್ಟ ವರ್ಷ ಇಲ್ಲಿನ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನ ಕೂಲಿ ಅರಸಿ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತಾರೆ. ಊರಿನಲ್ಲಿಯೇ ಅನ್ನ ದೊರಕಿಸುವ ಉದ್ಯೋಗವನ್ನು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದ ವಿಹಾರಧಾಮ ಬೇಕೆ ಬೇಡವೆ ಎಂಬುದಕ್ಕಿಂತ, ಎಂಥ ವಿಹಾರಧಾಮ, ಎಲ್ಲಿ, ಯಾರಿಗಾಗಿ ಎಂಬ ಪ್ರಶ್ನೆಯೇ ಮುಖ್ಯವಾದುದು.

ವಾಡಿಕೆಯ ವಿಹಾರಧಾಮದ ಚಿತ್ರ ಎಲ್ಲರಿಗೂ ಪರಿಚಿತವೇ. ನೀರಿಗೆ ಅತಿ ಹತ್ತಿರದ ಎತ್ತರದ ಜಾಗವನ್ನು ಆರಿಸುತ್ತಾರೆ. ಪೊದೆ, ಹುಲ್ಲುಗಳನ್ನು ಕಸವೆಂದು ಸವರಿ ನೆಲವನ್ನು ಮಟ್ಟಮಾಡುತ್ತಾರೆ. ಹೊರಗಿನಿಂದ ತಂದ ಹಸುರುಹುಲ್ಲಿನ ಹಾಸನ್ನು ಹರಡುತ್ತಾರೆ. ಈಜುಕೊಳವನ್ನು ತೋಡಿ, ಸುತ್ತ ಎತ್ತರದ ಆವರಣ ಗೋಡೆ ಕಟ್ಟಿ, ರಾತ್ರಿಯನ್ನು ಹಗಲಾಗಿಸುವ ದೀಪಗಳನ್ನು ನಿಲ್ಲಿಸುತ್ತಾರೆ. ಅನಂತರ ಹೆಬ್ಬಾಗಿಲಿನ ಮೇಲೆ ಜಿಂಕೆಯ ಚಿತ್ರವನ್ನು ಬರೆಸುತ್ತಾರೆ. ಜಿಂಕೆಯನ್ನು ಓಡಿಸಿ ಜಿಂಕೆಯ ಚಿತ್ರವನ್ನು ಬರೆಸುವ ಈ ಕ್ರಮದಲ್ಲಿ ದುರುದ್ದೇಶವಿರಲಾರದು. ಇರುವುದು ಅಜ್ಞಾನ. ನಿಸರ್ಗವೆಂದರೆ ಹಸುರುಬಣ್ಣ ಎಂದಷ್ಟೇ ತಿಳಿದವರ ಅಜ್ಞಾನ.

ಈ ಅಜ್ಞಾನದ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿಯನ್ನು ಮೀರುತ್ತದೆ. ಸ್ನಾನ, ಬಟ್ಟೆಯ ಒಗೆತ, ಹುಲ್ಲುಹಾಸು, ಈಜುಕೊಳ ಎಲ್ಲ ಸೇರಿ ಒಬ್ಬ ಅತಿಥಿಗೆ ದಿನಕ್ಕೆ 300 ಲೀಟರ್ ನೀರು ಬೇಕಾಯಿತೆಂದು ಭಾವಿಸಿದರೆ, 40 ಮಂದಿ ಅತಿಥಿಗಳಿಗೆ 12,000 ಲೀಟರ್ ಆಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಂತೆ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ಒದಗಿಸಬೇಕಾದ ನೀರು 55 ಲೀಟರ್. ಎಂದರೆ 40 ಮಂದಿ ಅತಿಥಿಗಳ ಒಂದು ದಿನದ ಸುಖವು 200ಕ್ಕೂ ಹೆಚ್ಚು ಗ್ರಾಮಸ್ಥರ ಒಂದು ದಿನದ ನೀರಿಗೆ ಸಮ. ಆ ನೀರನ್ನು ಕೊಳವೆಬಾವಿಯಿಂದ ಎತ್ತಿದರೆ ಹತ್ತಿರದ ಹಳ್ಳದ ಒಸರು ಬತ್ತುತ್ತದೆ. ಒಸರು ಬತ್ತಿದರೆ ಕೊಂಡುಕುರಿ ನೀರನ್ನರಸಿ ಊರ ಕಡೆಗೆ ಬರುತ್ತದೆ; ಅಲ್ಲಿ ನಾಯಿಗಳ ಬಾಯಿಗೆ ಬೀಳುತ್ತದೆ.

ದೀಪದ ಮಾತೂ ಹಾಗೆಯೇ. ಕಾಡಿನ ಅರ್ಧ ಬಾಳು ಕತ್ತಲೆಯಲ್ಲಿ ನಡೆಯುತ್ತದೆ. ದೀಪದ ಸುತ್ತ ಮುತ್ತುವ ಪತಂಗಗಳು ಸುತ್ತಿ ಸುತ್ತಿ ಬಳಲಿ ಸಾಯುತ್ತವೆ. ಅವುಗಳಿಂದ ಪರಾಗಸ್ಪರ್ಶ ಪಡೆಯಬೇಕಾದ ಇರುಳಿನ ಹೂಗಳು ಕಾಯಿಕಟ್ಟುವುದಿಲ್ಲ. ಬೆಳಕಿಗೆ ಹೆದರುವ ಪ್ರಾಣಿ ತನ್ನ ತಲೆಮಾರುಗಳ ಹಾದಿಯನ್ನೇ ಬಿಡುತ್ತದೆ. ದೊಡ್ಡ ಗಾಜಿನ ಗೋಡೆಯಲ್ಲಿ ಆಕಾಶದ ಪ್ರತಿಬಿಂಬವನ್ನು ಕಂಡ ಹಕ್ಕಿ ಅದನ್ನೇ ಆಕಾಶವೆಂದು ನಂಬಿ ಹಾರಿ ಬಡಿದು ಬೀಳುತ್ತದೆ. ಅಡುಗೆಮನೆಯ ಹಿಂದೆ ಸುರಿದ ಎಂಜಲು ಬೀದಿನಾಯಿಗಳನ್ನು ಸಾಕುತ್ತದೆ. ಆ ನಾಯಿಗಳು ಮರಿಗಳನ್ನು ಬೇಟೆಯಾಡುವುದಲ್ಲದೆ ತಮ್ಮ ರೋಗಗಳನ್ನು ತೋಳಕ್ಕೂ ನರಿಗೂ ಅಂಟಿಸುತ್ತವೆ.

ಅಲಂಕಾರಕ್ಕೆಂದು ತಂದ ಗಿಡವೂ ನಿರಪಾಯಕಾರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕಾಗಿ ಲಂಟಾನಾ ಎಂಬ ಹೂಗಿಡವನ್ನು ಹೊರದೇಶದಿಂದ ಭಾರತಕ್ಕೆ ತರಲಾಯಿತು. ಬಣ್ಣಬಣ್ಣದ ಹೂಗೊಂಚಲನ್ನು ಮೆಚ್ಚಿ ತಂದವರು ಅದರ ಬೀಜ ಹಕ್ಕಿಯ ಹೊಟ್ಟೆಯಲ್ಲಿ ಕಾಡು ಸೇರೀತೆಂದು ಎಣಿಸಿರಲಿಲ್ಲ. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಅದು ನೆಲವನ್ನೆಲ್ಲ ಆವರಿಸಿ ಹುಲ್ಲು ಹುಟ್ಟದಂತೆ ಮಾಡಿದೆ. ಒಂದು ತೋಟದ ಅಂದವು ಹಲವು ಕಾಡುಗಳ ಅಳಲಾಗಿ ಪರಿಣಮಿಸಿದ ಕಥೆಯಿದು.

ತಪ್ಪಾದ ಜಾಗದಲ್ಲಿ ಕಟ್ಟಿದ ಮೇಲೆ ತಿದ್ದುವುದು ಎಷ್ಟು ಕಷ್ಟವೆಂಬುದಕ್ಕೆ ಬಂಡೀಪುರದಾಚೆಯ ನೀಲಗಿರಿ ಜಿಲ್ಲೆಯ ಸಿಗೂರು ಪ್ರಸ್ಥಭೂಮಿ ಸಾಕ್ಷಿಯಾಗಿದೆ. ಪಶ್ಚಿಮಘಟ್ಟ, ಪೂರ್ವಘಟ್ಟಗಳ ನಡುವೆ ಆನೆಗಳು ಓಡಾಡುವ ಹಾದಿ ಅದು. ಆ ಹಾದಿಯಲ್ಲಿ ವಿಹಾರಧಾಮಗಳು ಒಂದರ ಹಿಂದೆ ಒಂದರಂತೆ ಎದ್ದವು. 2010ರಲ್ಲಿ ತಮಿಳುನಾಡು ಸರ್ಕಾರವು ಅದನ್ನು ಆನೆಹಾದಿಯೆಂದು ಪ್ರಕಟಿಸಿತು. 2011ರಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಹಲವು ವಿಹಾರಧಾಮಗಳಿಗೆ ಬೀಗಮುದ್ರೆ ಹಾಕಲು ಆದೇಶಿಸಿತು. 2020ರಲ್ಲಿ ಆನೆಹಾದಿಯ ಘೋಷಣೆ ಸರಿಯೆಂದು ತೀರ್ಪಿತ್ತಿತು. ಹತ್ತು ವರ್ಷಗಳ ವ್ಯಾಜ್ಯದಲ್ಲಿ ಹಣ ಹೂಡಿದವರೂ ಸೋತರು, ಅಲ್ಲಿ ದುಡಿಯುತ್ತಿದ್ದವರೂ ಸೋತರು. ಕಟ್ಟುವ ಮೊದಲೇ ಆನೆ ನಡೆಯುವ ದಾರಿ ಯಾವುದೆಂದು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹಾಗಾದರೆ ಚಿಂಚೋಳಿಯ ಕಾಡಂಚಿನಲ್ಲಿ ವಿಹಾರಧಾಮವನ್ನು ರೂಪಿಸುವ ಶಿಲ್ಪಿ ಹೇಗೆ ತೊಡಗಬೇಕು? ಅವನು ಮೊದಲು ಗುರುತಿಸಬೇಕಾದುದು ಕಟ್ಟದೆ ಬಿಡಬೇಕಾದ ಸ್ಥಳಗಳನ್ನು. ನೀರಿಗೆ ಇಳಿಯುವ ಪ್ರಾಣಿಗಳ ಜಾಡು, ತೋಳದ ಗವಿ, ಬಾವಲಿಗಳು ತೂಗುವ ಮರ, ಟಿಟ್ಟಿಭ ಮೊಟ್ಟೆಯಿಡುವ ಬಯಲು, ಮಳೆನೀರು ಹರಿಯುವ ಕೊರಕಲು ಇವನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕು. ಇದಕ್ಕೆ ಒಂದು ದಿನದ ಭೇಟಿ ಸಾಲದು; ಮಳೆ, ಚಳಿ, ಬೇಸಿಗೆ ಮೂರು ಕಾಲಗಳನ್ನೂ ನೋಡಬೇಕು. ಈ ಕೆಲಸದಲ್ಲಿ ತಾಂಡಾದ ಕುರಿಗಾಹಿಯು ಶಿಲ್ಪಿಗೆ ಗುರುವಾಗಬಲ್ಲ. ತೋಳ ಯಾವ ಹಾದಿಯಲ್ಲಿ ಬರುತ್ತದೆಂಬುದು ಅವನಿಗೆ ಪುಸ್ತಕದಿಂದ ಬಂದ ಅರಿವಲ್ಲ. ಕುರಿಯನ್ನು ಕಳೆದುಕೊಂಡು ಗಳಿಸಿದ ಅರಿವು. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು. ಊರಿನ ಸಸ್ಯ, ಪ್ರಾಣಿ, ತಳಿಗಳ ವಿವರವನ್ನು ಜನರಿಂದಲೇ ಸಂಗ್ರಹಿಸಿ ದಾಖಲೆ ಸಿದ್ಧಪಡಿಸಬೇಕು. ಆ ದಾಖಲೆಯೇ ವಿಹಾರಧಾಮದ ನಕ್ಷೆಯ ಮೊದಲ ಹಾಳೆಯಾಗುವುದು ಯೋಗ್ಯ.

ಬಿಡಬೇಕಾದುದನ್ನು ಬಿಟ್ಟ ಮೇಲೆ ಉಳಿಯುವ ಜಾಗ ಹೆಚ್ಚಾಗಿ ಕಾಡಿನ ಒಳಗಿರುವುದಿಲ್ಲ, ಊರಿನ ಮಗ್ಗುಲಲ್ಲಿರುತ್ತದೆ. ಅದು ಒಳ್ಳೆಯದೇ. ಅತಿಥಿಯು ಅಭಯಾರಣ್ಯದ ಹೊರಗೆ, ಚಿಮ್ಮನಚೋಡದಂಥ ಊರಿನ ನೆರೆಯಲ್ಲಿ ತಂಗಿ, ಬೆಳಗಿನ ಹೊತ್ತು ಕಾಡಿಗೆ ಹೋಗಿ, ಬಿಸಿಲೇರುವ ಮುನ್ನ ಹಿಂದಿರುಗುವುದು ಕಾಡಿಗೂ ಹಿತ, ಊರಿಗೂ ಹಿತ. ಹೀಗಾದರೆ ಕಾಡಿನೊಳಗೆ ಹೊಸ ರಸ್ತೆ ಬೇಡ, ತಂತಿ ಬೇಡ, ಕೊಳವೆ ಬೇಡ.

ಕಟ್ಟಡಕ್ಕೆ ಬೇಕಾದುದನ್ನು ಈ ಸೀಮೆ ತಾನೇ ಒದಗಿಸುತ್ತದೆ. ಶಹಾಬಾದದ ಹಾಸುಗಲ್ಲು ನಾಡಿನ ಮೂಲೆಮೂಲೆಯ ಮನೆಗಳಿಗೆ ನೆಲವಾಗಿದೆ. ಇಲ್ಲಿನ ಹಳೆಯ ಮನೆಗಳ ಗೋಡೆಗಳು ದಪ್ಪ ಕಲ್ಲಿನವು, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ತಂಪು. ಹಗಲಿನ ಶಾಖವು ದಪ್ಪ ಗೋಡೆಯನ್ನು ಹಾಯ್ದು ಒಳಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆಂಬ ಸರಳ ವಿಜ್ಞಾನವನ್ನು ಹಿರಿಯರು ಅನುಭವದಿಂದ ಅರಿತಿದ್ದರು. ಅಂಥ ಗೋಡೆಯಿದ್ದರೆ ತಂಪುಯಂತ್ರದ ಅಗತ್ಯ ತಗ್ಗುತ್ತದೆ. ಗೋಡೆಯ ಸಂದಿನಲ್ಲಿ ನಾಲ್ಕು ಗೂಡುಗಳನ್ನು ಬಿಟ್ಟರೆ ಗುಬ್ಬಿಗೂ ಮನೆಯಾಗುತ್ತದೆ. ಛಾವಣಿಯ ಮೇಲೆ ಬಿದ್ದ ಮಳೆಯನ್ನು ತೊಟ್ಟಿಯಲ್ಲಿ ಹಿಡಿಯಬೇಕು. ನೂರು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ಮಿಂದ ನೀರನ್ನು ಜೊಂಡು ಬೆಳೆದ ಗುಂಡಿಯಲ್ಲಿ ಹಾಯಿಸಿ ತಿಳಿಗೊಳಿಸಿ ಗಿಡಗಳಿಗೆ ಬಿಡಬೇಕು. ಈಜುಕೊಳದ ಜಾಗದಲ್ಲಿ ಇಳಿಜಾರು ದಂಡೆಯ ಒಂದು ಸಣ್ಣ ಹೊಂಡವಿದ್ದರೆ ಕಪ್ಪೆ, ಏರೋಪ್ಲೇನ್ ಚಿಟ್ಟೆ, ಮಿಂಚುಳ್ಳಿಗಳು ತಾವಾಗಿಯೇ ಬರುತ್ತವೆ.

ತೋಟಕ್ಕೆ ಈ ಮಣ್ಣಿನ ಗಿಡಗಳೇ ಸಾಕು. ಬೇವು, ಹೊಂಗೆ, ಇಪ್ಪೆ, ಮುತ್ತುಗ, ಅತ್ತಿ, ಕಕ್ಕೆಗಳಿಗೆ ಬೇರೂರಿದ ಮೇಲೆ ನೀರೆರೆಯುವ ಕೆಲಸವಿಲ್ಲ. ಹುಲ್ಲನ್ನು ಹುಲ್ಲಾಗಿಯೇ ಬಿಡಬೇಕು. ಅದು ಮಾಗಿಯಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗಿದರೆ ಒಣಗಿತೆಂದು ಮರುಗಬೇಕಾಗಿಲ್ಲ. ಎತ್ತರದ ಗೋಡೆಯ ಬದಲು ಉಡ, ಮೊಲ, ಮುಂಗುಸಿಗಳು ನುಸುಳಬಲ್ಲ ಜೀವಂತ ಬೇಲಿಯಿರಬೇಕು. ದೀಪಗಳು ಸಣ್ಣವಾಗಿ, ಮಂದವಾಗಿ, ನೆಲದ ಕಡೆಗೆ ಬಾಗಿರಬೇಕು. ಊಟ ಮುಗಿದ ಮೇಲೆ ಆರಬೇಕು. ಧ್ವನಿವರ್ಧಕಕ್ಕೆ ಅಲ್ಲಿ ಎಡೆಯಿಲ್ಲ. ಎಲೆಯುದುರಿದ ಕಾಡಿನ ಬಳಿ ವಿನೋದಕ್ಕಾಗಿ ಹಾಕುವ ಬೆಂಕಿಗಂತೂ ಎಡೆಯೇ ಇಲ್ಲ; ಒಂದು ಕಿಡಿ ಸಾಕು, ಬೆಟ್ಟವೇ ಹೊತ್ತಿಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೋಣೆಗಳ ಸಂಖ್ಯೆಗೆ ಮೇರೆಯಿರಬೇಕು. ಬೇಸಿಗೆಯ ಕಡೆಯ ತಿಂಗಳಲ್ಲಿ ನೀರು ಎಷ್ಟು ಮಂದಿಗೆ ಸಾಲುತ್ತದೆಯೋ ಅಷ್ಟೇ ಮಂದಿಗೆ ಕೋಣೆ. ಈ ಒಂದು ನಿಯಮವನ್ನು ಮೀರಿದರೆ ಉಳಿದ ನಿಯಮಗಳೆಲ್ಲ ಅಲಂಕಾರ ಮಾತ್ರವಾಗುತ್ತವೆ.

ಇಷ್ಟು ಕಟ್ಟುಪಾಡಿನ ತಾಣಕ್ಕೆ ಯಾರು ಬಂದಾರು ಎಂದು ಕೇಳುವವರುಂಟು. ಕರ್ನಾಟಕದ ಅನುಭವವೇ ಅವರಿಗೆ ಉತ್ತರ ಕೊಡುತ್ತದೆ. ಮೈಸೂರು ಜಿಲ್ಲೆಯ ಕಾಕನಕೋಟೆಯಲ್ಲಿ ಒಂದು ಕಾಲಕ್ಕೆ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿಯುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಅನಂತರ 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಅಲ್ಲಿಗೆ ಸಮೀಪದ ಕಾರಾಪುರದಲ್ಲಿ, ಕಬಿನಿಯ ದಂಡೆಯ ಮೇಲೆ, ಮಹಾರಾಜರ ಕಾಲದ ಬೇಟೆಯ ಬಂಗಲೆಗಳನ್ನೇ ಬಳಸಿಕೊಂಡು ಪ್ರವಾಸಿಗೃಹವನ್ನು ನಡೆಸತೊಡಗಿತು. ಆನೆಯನ್ನು ಹಿಡಿಯಲು ಜನ ಸೇರುತ್ತಿದ್ದ ಸೀಮೆಗೆ ಆನೆಯನ್ನು ನೋಡಲು ಜನ ಬರುವಂತಾಯಿತು. ಆದರೆ ಒಂದು ತಾಣ ಹೆಸರಾದೊಡನೆ ಅದರ ಸುತ್ತ ಇನ್ನೂ ಹತ್ತು ಕಟ್ಟಡಗಳು ಏಳಬಯಸುತ್ತವೆ ಎಂಬ ಎಚ್ಚರವನ್ನೂ ಮರೆಯಬಾರದು. ಒಂದರ ಸಂಯಮ ಹತ್ತರ ದುರಾಸೆಯಲ್ಲಿ ಕರಗಿಹೋಗುತ್ತದೆ.

ಚಿಂಚೋಳಿಗೆ ಇನ್ನೂ ಹತ್ತಿರದ ಮಾದರಿ ಹಂಪೆಯ ಬಳಿಯ ದರೋಜಿ. ಅದೂ ಬಿಸಿಲುನಾಡೇ. 1994ರಲ್ಲಿ ಅಲ್ಲಿ ಕರಡಿಧಾಮ ಸ್ಥಾಪನೆಯಾಯಿತು. ಬರಿಯ ಬಂಡೆಯೆಂದು ಕಾಣುತ್ತಿದ್ದ ಗುಡ್ಡಗಳು ರಕ್ಷಣೆ ದೊರೆತ ಮೇಲೆ ಕುರುಚಲು ಕಾಡಾಗಿ ಚಿಗುರಿದವು. ಪ್ರವಾಸಿಗಳು ಅಲ್ಲಿ ಕರಡಿಯ ಬೆನ್ನುಹತ್ತಿ ಹೋಗುವುದಿಲ್ಲ. ದೂರದ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕುಳಿತು ಕಾಯುತ್ತಾರೆ. ಹೊತ್ತಿಳಿಯುವಾಗ ಬಂಡೆಯ ಸಂದಿನಿಂದ ಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ಬಂದರೆ, ಕಾದ ಅಷ್ಟೂ ಹೊತ್ತು ಸಾರ್ಥಕವೆನಿಸುತ್ತದೆ. ಒಣಭೂಮಿಯನ್ನು ನೋಡಲು ಜನ ಬರುವುದಿಲ್ಲವೆಂಬ ಮಾತನ್ನು ದರೋಜಿ ಸುಳ್ಳು ಮಾಡಿದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಇನ್ನೂ ಒಂದು ಪಾಠವನ್ನು ಹೇಳುತ್ತದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಿಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹಕ್ಕಿಯಿರುವ ಮರದ ಹುಣಿಸೆಯ ಫಲವನ್ನು ಒಡೆಯರು ಬಹುಮಟ್ಟಿಗೆ ಬಿಟ್ಟುಕೊಡಬೇಕಾಗುತ್ತದೆ. ಅದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡನ್ನು ಮಾಡಿತು. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನವರು ಸಾಕಿ ಬೆಳೆಸಿದ್ದಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆನಿಸಿತು. ಅಲ್ಲಿ ಹಕ್ಕಿಯನ್ನು ಉಳಿಸಿದ್ದು ಬೇಲಿಯಲ್ಲ, ನೆರೆಹೊರೆಯ ವಿಶ್ವಾಸ.

ಈ ವಿಶ್ವಾಸದ ಮಾತೇ ಚಿಂಚೋಳಿಯಲ್ಲಿ ಅತ್ಯಂತ ಮುಖ್ಯವಾದುದು. ಅಭಯಾರಣ್ಯವೆಂದು ಘೋಷಣೆಯಾದ ಮೇಲೆ ಕಾಡಿನ ಸುತ್ತಲಿನವರಿಗೆ ಹಲವು ನಿರ್ಬಂಧಗಳು ಬರುತ್ತವೆ. ಸೌದೆ ಕಡಿಯಬಾರದು, ಬೆಂಕಿ ಹಚ್ಚಬಾರದು, ದನಕುರಿಗಳನ್ನು ಹಿಂದಿನಂತೆ ಬಿಡಬಾರದು ಎಂದು ತಾಂಡಾದವರಿಗೆ ಹೇಳಲಾಗುತ್ತದೆ. ಕಾಡಿನ ಉಳಿವಿಗೆ ಈ ನಿಯಮಗಳು ಬೇಕು. ಆದರೆ ಹೊರೆ ಸೌದೆಗೆ ಹೋದ ಹೆಂಗಸನ್ನು ತಡೆದ ಕಾಡಿನಲ್ಲಿಯೇ ನಗರದ ಸಿರಿವಂತನು ರಾತ್ರಿಯಿಡೀ ಬೆಂಕಿ ಹಾಕಿ ಕುಣಿದರೆ, ಆ ನಿಯಮದ ಮೇಲೆ ಯಾರಿಗೆ ಗೌರವ ಉಳಿದೀತು? ಬಡವನಿಗೊಂದು ಕಾಡು, ಬಲ್ಲಿದನಿಗೊಂದು ಕಾಡು ಎಂದಾದ ದಿನ ಕಾಡು ಯಾರಿಗೂ ಉಳಿಯುವುದಿಲ್ಲ. ಕಾಡನ್ನು ಕಾಯುವ ಕಷ್ಟ ಯಾರದೋ ಕಾಡಿನಿಂದ ಬರುವ ಫಲವೂ ಮೊದಲು ಅವರದಾಗಬೇಕು.

ಅದಕ್ಕೆ ದಾರಿಗಳಿವೆ. ದಾರಿ ತೋರಿಸುವವರು, ಹಕ್ಕಿಯ ಹೆಸರು ಹೇಳುವವರು ತಾಂಡಾದ, ಹಳ್ಳಿಯ ತರುಣ ತರುಣಿಯರೇ ಆಗಲಿ. ಅಡುಗೆ ಊರಿನದಾಗಲಿ. ಗುಲ್ಬರ್ಗದ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬಿಳಿಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾಹಿಂಡಿಗಳನ್ನು ಬಿಟ್ಟು ದೂರದ ಊಟವನ್ನು ಇಲ್ಲಿಗೆ ಹೊತ್ತು ತರುವ ಅಗತ್ಯವೇನಿದೆ? ಲಂಬಾಣಿ ಹೆಂಗಸರ ಕಸೂತಿಗೆ ಅಲ್ಲಿಯೇ ಅಂಗಡಿಯಿರಲಿ. ಊರಿನ ಮನೆಗಳಲ್ಲಿಯೇ ಒಂದೆರಡು ಕೋಣೆಗಳನ್ನು ಅಣಿಗೊಳಿಸಿ ಅತಿಥಿಗಳನ್ನು ಉಳಿಸಿಕೊಂಡರೆ, ಹಣವು ಒಬ್ಬ ಒಡೆಯನ ಪೆಟ್ಟಿಗೆಯನ್ನು ಸೇರದೆ ಹತ್ತು ಮನೆಗಳಿಗೆ ಹಂಚಿಹೋಗುತ್ತದೆ. ತೋಳ ಕುರಿಯನ್ನು ಹಿಡಿದಾಗ ಆದಾಯದ ಒಂದಂಶದಿಂದ ಕುರಿಗಾಹಿಗೆ ತಡಮಾಡದೆ ಪರಿಹಾರ ಸಿಗಲಿ. ಆಗ ತೋಳವು ಅವನಿಗೆ ವೈರಿಯಾಗಿ ಉಳಿಯದೆ, ಕಾಟಕೊಟ್ಟರೂ ಬಿಟ್ಟಿರಲಾಗದ ನೆರೆಯವನಾಗುತ್ತದೆ.

ಹೊಟ್ಟೆಗಿಲ್ಲದವನಿಗೆ ತೋಳದ ಚಿಂತೆಯೇಕೆ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಅದಕ್ಕೆ ಉತ್ತರವೂ ಅಲ್ಲಿಯೇ ಇದೆ. ಈ ಸೀಮೆಗೆ ಹೊರಗಿನವರು ಬರುವುದು ಈಜುಕೊಳವನ್ನು ನೋಡಲು ಅಲ್ಲ. ಅದು ಅವರ ನಗರದಲ್ಲಿಯೇ ಇದೆ. ಅವರು ಬರುವುದು ನಾಲ್ಕು ಕೊಂಬಿನ ಕೊಂಡುಕುರಿಗಾಗಿ, ನಕ್ಷತ್ರ ತುಂಬಿದ ಕತ್ತಲೆಗಾಗಿ, ಮುತ್ತುಗದ ಹೂವಿಗಾಗಿ. ಇವು ಅಳಿದ ದಿನ ಪ್ರವಾಸಿಯೂ ಬಾರನು, ವಿಹಾರಧಾಮವೂ ಹಾಳುಮನೆಯಾಗುತ್ತದೆ. ತೋಳದ ಬಾಳು ಮತ್ತು ಚಿಮ್ಮನಚೋಡದ ಬಡವನ ಬಾಳು ಎರಡು ಬೇರೆ ಲೆಕ್ಕಗಳಲ್ಲ. ಬಂಡವಾಳವನ್ನು ತಿನ್ನದೆ ಬಡ್ಡಿಯಲ್ಲಿ ಬದುಕುವವನನ್ನು ಜಾಣನೆನ್ನುತ್ತಾರೆ. ಕಾಡು ಬಂಡವಾಳ, ಅದರ ಸೊಬಗನ್ನು ಕಾಣಬರುವವರು ಬಡ್ಡಿ.

ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದೂ ಜೀವಿಗಳಲ್ಲಿ ದಯೆ ತೋರುವುದೂ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ಸೇರಿಸಲಾಗಿದೆ. ಆ ಕರ್ತವ್ಯವನ್ನು ಪಾಲಿಸಲು ವಿದ್ಯಾರ್ಥಿಗಳು ದೊಡ್ಡವರಾಗುವ ತನಕ ಕಾಯಬೇಕಾಗಿಲ್ಲ. ತಮ್ಮ ಊರಿನ ಮರಗಳು ಯಾವುವು, ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುತ್ತದೆ, ಯಾವ ಹಳ್ಳ ಎಂದು ಬತ್ತುತ್ತದೆ ಎಂಬುದನ್ನು ಬರೆದಿಡುವ ಬಾಲಕ ಬಾಲಕಿಯರು ಪಂಚಾಯಿತಿಯ ದಾಖಲೆಗೆ ನೆರವಾಗುತ್ತಾರೆ. ಪ್ರವಾಸಕ್ಕೆ ಹೋದಾಗ ದೀಪ ಹೆಚ್ಚಿಸೆಂದು ಕೇಳದೆ ಆರಿಸೆಂದು ಕೇಳುವ ಅತಿಥಿಗಳು ವಿಹಾರಧಾಮದ ಒಡೆಯನಿಗೇ ಪಾಠ ಹೇಳುತ್ತಾರೆ. ನಾಳೆ ಇವರಲ್ಲಿಯೇ ಒಬ್ಬರು ಕಟ್ಟುವ ಶಿಲ್ಪಿಗಳಾಗುತ್ತಾರೆ, ಒಬ್ಬರು ಅನುಮತಿ ನೀಡುವ ಅಧಿಕಾರಿಗಳಾಗುತ್ತಾರೆ, ಒಬ್ಬರು ಪಂಚಾಯಿತಿಯ ಸದಸ್ಯರಾಗುತ್ತಾರೆ. ಕಾಡಂಚಿನ ನೆಲದ ನಕ್ಷೆ ಅವರ ಮೇಜಿನ ಮೇಲೆ ಬಂದಾಗ, ಎಲ್ಲಿ ಕಟ್ಟೋಣವೆಂದು ಕೇಳುವ ಮೊದಲು ಎಲ್ಲಿ ಕಟ್ಟದೆ ಬಿಡೋಣವೆಂದು ಅವರು ಕೇಳಬೇಕು. ಅತಿಥಿಯು ಮನೆಯ ಒಡೆಯನ ಅನುಮತಿಯಿಲ್ಲದೆ ಒಳಕೋಣೆಗೆ ಹೋಗುವುದಿಲ್ಲ. ಕಾಡಿನಲ್ಲಿ ಮನುಷ್ಯನು ಅತಿಥಿ; ಕೊಂಡುಕುರಿಯು ಒಡೆಯ.